ನಾಲ್ಕನೇ ಕಾಲಂ

ಉದ್ದ ನೋಟ್‌ಬುಕ್ಕಿನ ಎದುರುಬದುರು ಎರಡು ಪುಟ ತೆರೆದಿಟ್ಟು, ಸ್ಕೇಲು ಹಿಡಿದು ಗೆರೆ ಎಳೆದರೆ ನಾಲ್ಕು ಕಾಲಂ ಆಗುತ್ತವೆ. ಮೊದಲನೆಯದರಲ್ಲಿ ಎದುರಿಗೆ ಕೂತವರು ಏನು ಹೇಳಿದರು ಎಂದು ಬರೆಯಬೇಕು. ಎರಡನೆಯದರಲ್ಲಿ ತಾನು ಏನು ಹೇಳಿದೆ ಎಂದು. ಮೂರನೆಯದರಲ್ಲಿ ಆ ಹೊತ್ತಿಗೆ ತನ್ನ ಮನಸ್ಸಿನಲ್ಲಿ ಏನು ನಡೆಯಿತು ಎಂದು. ನಾಲ್ಕನೆಯದನ್ನು ಮಾತ್ರ ಮುಟ್ಟುವ ಹಾಗಿಲ್ಲ. ಅದು ಸೂಪರ್‌ವೈಸರ್ ಬರೆಯುವ ಜಾಗ.

ನಾಸಿಕ್‌ನ ಒಂದು ಸಮಾಜಕಾರ್ಯ ಕಾಲೇಜಿನಲ್ಲಿ ಎಂ.ಎಸ್.ಡಬ್ಲ್ಯು.ಗೆ ಸೇರಿದ ಮೊದಲ ವಾರವೇ ಅವಳಿಗೆ ಈ ಗೆರೆ ಎಳೆಯುವುದನ್ನು ಹೇಳಿಕೊಟ್ಟರು. ಅವಳು ಬೀದರ್ ಜಿಲ್ಲೆಯ ಔರಾದ್ ಕಡೆಯ ಹುಡುಗಿ. ಮನೆಯ ಮಾತು ಕನ್ನಡ, ಸಂತೆಯ ಮಾತು ಮರಾಠಿ. ಆ ಕಡೆಯ ಹಳ್ಳಿಗಳಲ್ಲಿ ಇದು ಯಾರೂ ಗಮನಿಸದಷ್ಟು ಸಹಜ. ಹೆಣ್ಣು ಕೊಡುವುದು, ತರುವುದು ಎಲ್ಲ ಗಡಿಯ ಎರಡೂ ಕಡೆ ನಡೆಯುತ್ತದೆ. ಅವಳ ಸೋದರತ್ತೆಯನ್ನೂ ಹಾಗೆಯೇ ನಾಸಿಕ್ ರೋಡಿಗೆ ಕೊಟ್ಟಿದ್ದರು. ಮಾವ ಅಲ್ಲಿನ ನೋಟು ಮುದ್ರಣಾಲಯದಲ್ಲಿ ನೌಕರ. ಬೀದರಿನಲ್ಲಿ ಬಿ.ಎ. ಮುಗಿದಾಗ ಅತ್ತೆ ಫೋನು ಮಾಡಿ, "ಇಲ್ಲಿಗೇ ಕಳಿಸ್ರಿ, ನಮ್ಮ ಮನ್ಯಾಗ ಇದ್ದು ಓದ್ತಾಳ" ಎಂದರು.

ಅಪ್ಪನಿಗೆ ಮಾತ್ರ ಒಂದು ವಿಷಯ ತಿಳಿಯಲಿಲ್ಲ. "ಸೇವಾ ಮಾಡ್ಲಿಕ್ಕಿ ಎರಡು ವರ್ಷದ ಡಿಗ್ರಿ ಯಾಕ ಬೇಕವ್ವಾ?" ಎಂದು ಕೇಳಿದರು. ಅವಳ ಹತ್ತಿರ ಉತ್ತರ ಇರಲಿಲ್ಲ. ಸಿಕ್ಕಿದ್ದು ಎರಡು ವರ್ಷದ ಕೊನೆಯಲ್ಲಿ, ನೋಟ್‌ಬುಕ್ಕಿನಲ್ಲಿ ಒಂದು ಸುಳ್ಳು ಬರೆದು ಸಿಕ್ಕಿಬಿದ್ದ ದಿನ.

*

ಅಪ್ಪ ಕೇಳಿದ ಪ್ರಶ್ನೆ ಹೊಸದಲ್ಲ. 1936ರಲ್ಲಿ ಮುಂಬಯಿಯ ನಾಗಪಾಡಾದಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಶುರುವಾದಾಗಲೂ ಜನ ಇದನ್ನೇ ಕೇಳಿರಬೇಕು. ದಾನ ಮಾಡುವವರು ಈ ದೇಶದಲ್ಲಿ ಯಾವಾಗಲೂ ಇದ್ದರು. ಮಠಗಳಿದ್ದವು, ಛತ್ರಗಳಿದ್ದವು, ದರ್ಗಾಗಳಿದ್ದವು. ಅದಕ್ಕೆ ತರಬೇತಿ ಏಕೆ? ಶಾಲೆಯ ಮೊದಲ ನಿರ್ದೇಶಕ ಕ್ಲಿಫರ್ಡ್ ಮ್ಯಾನ್‌ಷರ್ಟ್ ಅಮೆರಿಕದಿಂದ ಬಂದು ಅದೇ ನಾಗಪಾಡಾದ ಕಾರ್ಮಿಕರ ಕೇರಿಯಲ್ಲಿ ಕೆಲಸ ಮಾಡುತ್ತಿದ್ದವರು. ಮನಸ್ಸು ಒಳ್ಳೆಯದಿದ್ದರೆ ಸಾಲದು, ಕೆಲಸವನ್ನು ಕಲಿಯಬೇಕು ಎಂಬುದು ಆ ಶಾಲೆಯ ನಿಲುವು. ಅದೇ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಯಿತು.

ಆಸ್ಪತ್ರೆಯ ಮಟ್ಟಿಗೆ ಹೇಳುವುದಾದರೆ, 1946ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ದೇಶದ ಮೊದಲ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕವಾಯಿತು. ಅದಾಗಿ ಎರಡು ವರ್ಷಕ್ಕೆ ಟಾಟಾ ಸಂಸ್ಥೆಯಲ್ಲಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಪ್ರತ್ಯೇಕ ವಿಷಯವಾಯಿತು. ಇದನ್ನು ದೀರ್ಘಕಾಲ ಕಟ್ಟಿ ಬೆಳೆಸಿದವರು ಗೌರಿ ರಾಣಿ ಬ್ಯಾನರ್ಜಿ. ನಮ್ಮ ಬೆಂಗಳೂರಿನಲ್ಲಿ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ತನ್ನದೇ ವಿಭಾಗ ಬೆಳೆಯಿತು. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ ಪ್ರಯೋಗವೇ ಇವತ್ತು ದೇಶದ ತುಂಬ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ.

ಇದೆಲ್ಲ ಪರೀಕ್ಷೆಗೆ ಬರುವ ವಿಷಯ, ಬರೆದು ಅಂಕ ತೆಗೆದುಕೊಳ್ಳಬಹುದು. ನಾಸಿಕ್‌ನಲ್ಲೇ ಮಹಾರಾಷ್ಟ್ರದ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. 1998ರಲ್ಲಿ ಶುರುವಾದ ಅದು ರಾಜ್ಯದ ಡಾಕ್ಟರು, ನರ್ಸುಗಳಿಗೆ ಪದವಿ ಕೊಡುತ್ತದೆ. ಎಂ.ಎಸ್.ಡಬ್ಲ್ಯು. ಮಾತ್ರ ಅದಕ್ಕೆ ಸೇರುವುದಿಲ್ಲ. ನಾಸಿಕ್‌ನ ಸಮಾಜಕಾರ್ಯದ ವಿದ್ಯಾರ್ಥಿಗೆ ಪದವಿ ಬರುವುದು ಪುಣೆಯ ವಿಶ್ವವಿದ್ಯಾಲಯದಿಂದ. ಹಾಗಾಗಿ ಆಸ್ಪತ್ರೆಯೊಳಗೆ ಕೆಲಸ ಮಾಡಬೇಕಾದವಳು ಆಸ್ಪತ್ರೆಯವಳಾಗಿ ತಯಾರಾಗುವುದಿಲ್ಲ. ಬಾಗಿಲಿನಲ್ಲಿ ನಿಂತು ಕಲಿಯುತ್ತಾಳೆ.

*

ಈ ಓದಿನಲ್ಲಿ ತರಗತಿಯದು ಅರ್ಧ ಪಾಲು. ವಾರಕ್ಕೆ ಎರಡು ದಿನ ಫೀಲ್ಡ್‌ವರ್ಕ್. ಮೊದಲ ವರ್ಷ ಅವಳನ್ನು ಪಂಚವಟಿ ಕಡೆಯ ಒಂದು ವಸ್ತಿಗೆ ಹಾಕಿದರು. ವಸ್ತಿ ಎಂದರೆ ಕೊಳೆಗೇರಿ. ಅಲ್ಲಿನ ಹೆಂಗಸರು ಈರುಳ್ಳಿ ವಿಂಗಡಿಸಲು, ದ್ರಾಕ್ಷಿ ತೋಟದಲ್ಲಿ ಗೊಂಚಲು ಸವರಲು ಟೆಂಪೋದಲ್ಲಿ ಹೋಗುತ್ತಿದ್ದರು. ಅವಳು ರೇಷನ್ ಕಾರ್ಡಿನ ಅರ್ಜಿ ತುಂಬಿದಳು, ಅಂಗನವಾಡಿಗೆ ಮಕ್ಕಳನ್ನು ಕರೆತಂದಳು. ಎರಡನೇ ವರ್ಷ ಆಸ್ಪತ್ರೆ. ಅಲ್ಲಿಯೂ ಮೊದಮೊದಲು ಅರ್ಜಿಯೇ. ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯ ಕಾಗದ, ಹಳದಿ ಕಾರ್ಡೋ ಕೇಸರಿ ಕಾರ್ಡೋ ಎಂಬ ವಿಚಾರಣೆ, ರಕ್ತ ಬೇಕಾದವರಿಗೆ ಚೀಟಿ.

ಆಮೇಲೆ ಬಂತು ಪ್ರೊಸೆಸ್ ರೆಕಾರ್ಡಿಂಗ್. ರೋಗಿಯ ಜೊತೆ ಅರ್ಧ ಗಂಟೆ ಮಾತಾಡಿದರೆ ಅದನ್ನು ನೆನಪಿನಿಂದ ಮಾತಿಗೆ ಮಾತು ಬರೆಯಬೇಕು. ಮೊಬೈಲಿನಲ್ಲಿ ಧ್ವನಿ ಹಿಡಿಯುವ ಹಾಗಿಲ್ಲ. ರೋಗಿಯ ಎದುರು ಕೂತು ಗೀಚುವ ಹಾಗೂ ಇಲ್ಲ. ವಾರಕ್ಕೊಮ್ಮೆ ಸೂಪರ್‌ವೈಸರ್ ಜೊತೆ ಒಬ್ಬರೇ ಕೂರುವ ಸಮಯ ಇರುತ್ತದೆ. ಕಾಲೇಜಿನಲ್ಲಿ ಎಲ್ಲರೂ ಅದನ್ನು ಐ.ಸಿ. ಎನ್ನುತ್ತಾರೆ. ಅಲ್ಲಿ ಆ ಪುಟಗಳನ್ನು ತೆರೆಯಬೇಕು.

ಬರೆಯಲು ಕೂತರೆ ಒಂದು ವಿಚಿತ್ರ ಗೊತ್ತಾಗುತ್ತದೆ. ಎದುರಿನವರು ಆಡಿದ ಮಾತು ಚೆನ್ನಾಗಿ ನೆನಪಿರುತ್ತದೆ. ತಾನು ಆಡಿದ್ದು ನೆನಪಿರುವುದಿಲ್ಲ. ನೆನಪಾದರೂ ಅದನ್ನು ಇದ್ದ ಹಾಗೆ ಬರೆಯಲು ಕೈ ಬರುವುದಿಲ್ಲ. "ಅಳಬೇಡಿ, ಎಲ್ಲ ಸರಿಹೋಗುತ್ತದೆ" ಎಂದು ಹೇಳಿದ್ದರೆ, ಪುಟದಲ್ಲಿ "ರೋಗಿಗೆ ಭಾವನಾತ್ಮಕ ಬೆಂಬಲ ನೀಡಲಾಯಿತು" ಎಂದಾಗಿಬಿಡುತ್ತದೆ. ನಾಸಿಕ್‌ನ ಕಾಲೇಜಿನಲ್ಲಿ ಒಬ್ಬೊಬ್ಬ ಪ್ರಾಧ್ಯಾಪಕರ ಕೈಕೆಳಗೆ ಬಹಳ ಮಂದಿ ಇದ್ದರು. ನಾಲ್ಕನೇ ಕಾಲಂನಲ್ಲಿ ಹೆಚ್ಚಾಗಿ ಒಂದು ಸರಿ ಗುರುತು, ಒಂದು ಸಹಿ, ಒಂದು ತಾರೀಖು. ಅವಳ ವರದಿ ಚೆನ್ನಾಗಿರುತ್ತದೆ ಎಂದು ಹೆಸರಾಯಿತು. ಅವಳಿಗೂ ಹಾಗೇ ಅನ್ನಿಸಿತು.

*

ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಒಂದು ತಿಂಗಳು ಬ್ಲಾಕ್ ಪ್ಲೇಸ್‌ಮೆಂಟ್. ಬೇರೆ ಊರಿನಲ್ಲಿ, ವಾರವಿಡೀ, ಕೆಲಸಕ್ಕೆ ಸೇರಿದವರ ಹಾಗೇ ಇರಬೇಕು. 2024ರ ಮೇ ತಿಂಗಳಲ್ಲಿ ಅವಳು ಎಸ್.ಟಿ. ಬಸ್ಸು ಹತ್ತಿದಳು. ನಿಫಾಡ್, ಯೇವಲೆ, ವೈಜಾಪುರ ದಾಟಿ ಛತ್ರಪತಿ ಸಂಭಾಜಿನಗರ. ಹಿಂದಿನ ವರ್ಷವಷ್ಟೇ ಹೆಸರು ಅಧಿಕೃತವಾಗಿ ಬದಲಾಗಿತ್ತು. ಹಳಬರ ಬಾಯಲ್ಲಿ ಔರಂಗಾಬಾದ್ ಹಾಗೇ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಒಂದು ಕೆಂಪು ಬಸ್ಸಿನ ಬೋರ್ಡಿನ ಮೇಲೆ ದೇವನಾಗರಿಯಲ್ಲಿ 'ಕನ್ನಡ' ಎಂದು ಬರೆದಿತ್ತು. ಅವಳು ನಿಂತು ಎರಡು ಸಲ ಓದಿದಳು. ಅದು ಅದೇ ಜಿಲ್ಲೆಯ ತಾಲ್ಲೂಕು ಊರಿನ ಹೆಸರು. ರಾತ್ರಿ ಫೋನಿನಲ್ಲಿ ಹೇಳಿದಾಗ ಅವ್ವ ನಕ್ಕರು. "ಹಂಗಾದ್ರ ನೀ ದೂರ ಹೋಗಿಲ್ಲ ಬಿಡು."

ಊರಿನ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆ. ಬೀಡ್, ಜಾಲನಾ, ಪರಭಣಿಯವರೆಗಿನ ಜನ ಅಲ್ಲಿಗೇ ಬರುತ್ತಾರೆ. ಮಹಾರಾಷ್ಟ್ರದಲ್ಲಿ ಇಂಥ ಆಸ್ಪತ್ರೆಗಳಲ್ಲಿ 'ಸಮಾಜಸೇವಾ ಅಧೀಕ್ಷಕ' ಎಂಬ ಹುದ್ದೆ ಇದೆ. ಅವಳಿಗೆ ಸೂಪರ್‌ವೈಸರ್ ಆಗಿ ಸಿಕ್ಕವರು ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಮ್ಯಾಡಮ್. ಮೇಜಿನ ಮೇಲೆ ಒಂದು ಕೊಡೆ, ಒಂದು ಸ್ಟೀಲ್ ಡಬ್ಬಿ, ರಾಶಿ ಕಾಗದ. ಹುಡುಗಿಯನ್ನು 'ಬಾಳ' ಎಂದು ಕರೆಯುತ್ತಿದ್ದರು. ಮರಾಠಿಯಲ್ಲಿ ಅದು ಮಗು ಎಂಬ ಅಕ್ಕರೆಯ ಮಾತು.

ವಾರ್ಡಿನಲ್ಲಿ ರೋಗಿಗಳು ಅವಳನ್ನು 'ತಾಈ' ಎಂದು ಕರೆಯುತ್ತಿದ್ದರು. ಹಾಗೆಂದರೆ ಅಕ್ಕ. ಆದರೆ ಇಪ್ಪತ್ತಮೂರು ವರ್ಷದ ಕನ್ನಡದ ಕಿವಿಗೆ ಅದು ಪ್ರತಿ ಸಲ 'ತಾಯಿ' ಎಂದೇ ಕೇಳಿಸುತ್ತಿತ್ತು. ಐವತ್ತು ವರ್ಷದ ಮುದುಕಿಯೂ ಕೈ ಹಿಡಿದು ತಾಈ ಎಂದಾಗ ಏನೋ ದೊಡ್ಡ ಜವಾಬ್ದಾರಿ ತಲೆಯ ಮೇಲೆ ಬಂದ ಹಾಗೆ ಆಗುತ್ತಿತ್ತು. ಮ್ಯಾಡಮ್‌ಗೆ ಇದನ್ನು ಹೇಳಿದಾಗ ಅವರು ಡಬ್ಬಿಯ ಮುಚ್ಚಳ ತೆಗೆಯುತ್ತ, "ಅಕ್ಕ ಆಗಿರು, ಸಾಕು. ತಾಯಿ ಆಗಲು ಹೋದರೆ ಅವರ ಮಾತು ಕೇಳಿಸುವುದಿಲ್ಲ" ಎಂದರು. ಆಗ ಅವಳಿಗೆ ಅದು ಬರೀ ಮಾತಾಗಿ ಕಂಡಿತು.

*

ಮೂರನೇ ವಾರ ಮೆಡಿಸಿನ್ ವಾರ್ಡಿನಿಂದ ಒಂದು ಕರೆ ಬಂತು. ಮೂವತ್ತರ ಆಸುಪಾಸಿನ ಹೆಂಗಸು. ಹೆಸರು, ಊರು ಇಲ್ಲಿ ಬೇಡ. ಅದನ್ನು ಹೇಳದಿರುವುದೂ ಈ ಕಲಿಕೆಯ ಒಂದು ಭಾಗ. ಬೀಡ್ ಕಡೆಯವರು. ಕಬ್ಬು ಕಡಿಯುವ ಕುಟುಂಬ.

ಆ ಕಡೆಯ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿದರೆ ಒಂದು 'ಕೋಯತಾ'. ಕೋಯತಾ ಎಂದರೆ ಕಬ್ಬು ಕಡಿಯುವ ಕುಡುಗೋಲು. ಇಬ್ಬರನ್ನು ಒಂದು ಕುಡುಗೋಲಾಗಿ ಎಣಿಸಿ ಮುಕಾದಮ್ ಮುಂಗಡ ಕೊಡುತ್ತಾನೆ. ಅದು 'ಉಚಲ್'. ದೀಪಾವಳಿಯ ಆಜುಬಾಜು ಹೊರಟು ಕೊಲ್ಹಾಪುರ, ಸಾಂಗ್ಲಿ, ಇತ್ತ ನಮ್ಮ ಅಥಣಿ, ಜಮಖಂಡಿವರೆಗೂ ಹೋಗುತ್ತಾರೆ. ಸೀಜನ್ ಮುಗಿದು ಬೇಸಿಗೆಗೆ ವಾಪಸು ಬಂದಾಗ ಲೆಕ್ಕ. ಉಚಲ್ ತೀರದಿದ್ದರೆ ಉಳಿದದ್ದು ಮುಂದಿನ ವರ್ಷದ ತಲೆಗೆ.

ಕೇಸ್ ಪೇಪರಿನಲ್ಲಿ ವಿಷಪ್ರಾಶನ ಎಂದಿತ್ತು. ಪೊಲೀಸರಿಗೆ ಮನೆಯವರು ಕೊಟ್ಟ ಹೇಳಿಕೆ ಬೇರೆ: ತಪ್ಪಿ 'ಔಷಧ' ಕುಡಿದಳು ಎಂದು. ಆ ಹಳ್ಳಿಗಳಲ್ಲಿ ಬೆಳೆಗೆ ಹೊಡೆಯುವುದಕ್ಕೂ ಔಷಧ ಎಂದೇ ಹೆಸರು, ಕೆಮ್ಮಿಗೆ ಕುಡಿಯುವುದಕ್ಕೂ ಅದೇ ಹೆಸರು. ಅವಳ ಊರಿನಲ್ಲಿ ಅದನ್ನೇ 'ಎಣ್ಣಿ' ಎನ್ನುತ್ತಾರೆ. ಎರಡೂ ಭಾಷೆಯಲ್ಲಿ ವಿಷಕ್ಕೆ ವಿಷವೆಂಬ ಹೆಸರಿಲ್ಲ.

ಹಾಸಿಗೆಯ ಪಕ್ಕ ಕೂತಿದ್ದ ಅತ್ತೆ ಮುದುಕಿಗೆ ಹುಡುಗಿಯ ಮರಾಠಿಯ ಧಾಟಿಯಿಂದಲೇ ಗೊತ್ತಾಯಿತು. "ಕರ್ನಾಟಕದವಳಾ?" ಎಂದು ಕೇಳಿ, ತನಗೆ ಬರುವ ಕನ್ನಡವನ್ನೆಲ್ಲ ಒಮ್ಮೆಗೇ ಹೇಳಿದಳು. "ನೀರ ಕೊಡ್ರಿ. ಲಗೂ ಬಾ. ಎಷ್ಟ ರೊಕ್ಕ?" ಕಬ್ಬಿನ ಗದ್ದೆಯಲ್ಲಿ ಕಲಿತ ಮೂರು ವಾಕ್ಯ. ಹುಡುಗಿ ನಕ್ಕಳು. ಹಾಸಿಗೆಯಲ್ಲಿದ್ದ ಸೊಸೆ ನಗಲಿಲ್ಲ.

ಅತ್ತೆ ಚಹಾ ತರಲು ಹೋದಾಗ ಮಾತು ಶುರುವಾಯಿತು. ಇಬ್ಬರು ಮಕ್ಕಳು, ದೊಡ್ಡವಳಿಗೆ ಹದಿನಾಲ್ಕು. ಲೆಕ್ಕದಲ್ಲಿ ಉಚಲ್ ಉಳಿದಿದೆ. "ಆವತ್ತು ಬೆಳಿಗ್ಗೆ..." ಎಂದು ಹೆಂಗಸು ಶುರುಮಾಡಿ ನಿಲ್ಲಿಸಿದಳು. ಗೋಡೆಯ ಕಡೆ ನೋಡಿದಳು. "ಮಗಳನ್ನ..." ಎಂದು ಮತ್ತೆ ನಿಲ್ಲಿಸಿದಳು.

ಆ ಮೌನ ಹುಡುಗಿಗೆ ತಡೆದುಕೊಳ್ಳಲಾಗಲಿಲ್ಲ. ಅದು ಐದಾರು ಸೆಕೆಂಡು ಇದ್ದಿರಬಹುದು. ಅವಳು ಹೆಂಗಸಿನ ಕೈ ಹಿಡಿದು, "ಮಕ್ಕಳ ಮುಖ ನೋಡಿ ಧೈರ್ಯ ತಂದುಕೊಳ್ಳಿ. ಇನ್ನು ಹಾಗೆಲ್ಲ ಯೋಚನೆ ಮಾಡಬಾರದು" ಎಂದಳು.

"ಹೌದು ತಾಈ" ಎಂದಳು ಹೆಂಗಸು. ಆಮೇಲೆ ಕೇಳಿದ್ದಕ್ಕೆಲ್ಲ ಹೌದು, ಇಲ್ಲ ಎಂದಷ್ಟೇ ಉತ್ತರ ಬಂತು.

ಸಂಜೆ ಹಾಸ್ಟೆಲಿನಲ್ಲಿ ಗೆರೆ ಎಳೆದು ಬರೆಯುವಾಗ ಹುಡುಗಿಗೆ ಪಠ್ಯಪುಸ್ತಕ ನೆನಪಾಯಿತು. ಇಂಥ ರೋಗಿಯನ್ನು ಮನೆಗೆ ಕಳಿಸುವ ಮೊದಲು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಅವಳು ಅದನ್ನು ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗುತ್ತದೋ ಎಂಬ ಹೆದರಿಕೆ. ಹಾಗೇನೂ ಆಗುವುದಿಲ್ಲ, ನೇರವಾಗಿ ಕೇಳಿದರೆ ಬಹಳ ಜನರಿಗೆ ಹಗುರಾಗುತ್ತದೆ ಎಂಬುದು ಪರೀಕ್ಷೆಯಲ್ಲಿ ಅವಳೇ ಬರೆದ ಉತ್ತರ. ಪುಟದ ಕೊನೆಯಲ್ಲಿ ಬರೆದಳು: "ಮುಂದೆ ಅಂಥ ಉದ್ದೇಶವಿದೆಯೇ ಎಂದು ವಿಚಾರಿಸಲಾಯಿತು. ಇಲ್ಲವೆಂದರು."

*

ಮ್ಯಾಡಮ್ ಮರುದಿನ ಮಧ್ಯಾಹ್ನ ಆ ಪುಟ ಓದಿದರು. ಅವರು ಮೊದಲ ಕಾಲಂ ಓದುತ್ತಿರಲಿಲ್ಲ, ಎರಡನೆಯದನ್ನು ಓದುತ್ತಿದ್ದರು. ಕೊನೆಯ ಸಾಲಿಗೆ ಬಂದು ಬೆರಳಿಟ್ಟರು.

"ಇದನ್ನು ಯಾವ ಮಾತಿನಲ್ಲಿ ಕೇಳಿದಿ?"

ಹುಡುಗಿ ಸುಮ್ಮನಿದ್ದಳು.

"ವಾಕ್ಯ ಹೇಳು. ಮರಾಠಿಯಲ್ಲಿ ಏನೆಂದು ಕೇಳಿದಿ?"

ಹೇಳಲು ವಾಕ್ಯವೇ ಇರಲಿಲ್ಲ. ಅವಳು ಮರಾಠಿ ಬಲ್ಲವಳು, ಸಂತೆಯಲ್ಲಿ ಚೌಕಾಸಿ ಮಾಡಬಲ್ಲಳು, ಪರೀಕ್ಷೆ ಬರೆಯಬಲ್ಲಳು. ಆದರೆ ಒಬ್ಬರಿಗೆ ಸಾಯುವ ಮನಸ್ಸಿದೆಯೇ ಎಂದು ಕೇಳುವ ವಾಕ್ಯವನ್ನು ಅವಳು ಮರಾಠಿಯಲ್ಲಾಗಲಿ ಕನ್ನಡದಲ್ಲಾಗಲಿ ಎಂದೂ ಬಾಯಿಬಿಟ್ಟು ಆಡಿರಲಿಲ್ಲ.

"ಕೇಳಲಿಲ್ಲ ಮ್ಯಾಡಮ್."

ಮ್ಯಾಡಮ್ ಬೈಯಲಿಲ್ಲ. ಫ್ಯಾನಿನ ಗಾಳಿಗೆ ಹಾರುತ್ತಿದ್ದ ಪುಟದ ಮೇಲೆ ಡಬ್ಬಿ ಇಟ್ಟರು. "ಬಾಳ, ನನಗೆ ಒಳ್ಳೆಯ ವರದಿ ಬೇಡ. ಆ ಹೆಂಗಸು ನಾಳೆ ಡಿಸ್ಚಾರ್ಜ್. ಈ ಸಾಲು ಓದಿ ನಾನು ಸಹಿ ಮಾಡಿದರೆ ನಾವಿಬ್ಬರೂ ಅವಳನ್ನು ಕೇಳಿದ ಹಾಗಾಯಿತು. ಕೇಳಿಲ್ಲ ಎಂದು ಬರೆದಿದ್ದರೆ ಕೇಳುವುದಕ್ಕೆ ಇನ್ನೂ ಒಂದು ರಾತ್ರಿ ಇರುತ್ತಿತ್ತು. ಈಗಲೂ ಇದೆ."

ಆಮೇಲೆ ಎರಡನೇ ಕಾಲಂನಲ್ಲಿ ಇನ್ನೊಂದು ಕಡೆ ಬೆರಳಿಟ್ಟರು. "ಮಕ್ಕಳ ಮುಖ ನೋಡಿ ಅಂದಿದ್ದೀ. ಅದಕ್ಕೂ ಮುಂಚೆ ಅವಳು 'ಮಗಳನ್ನ' ಎಂದು ನಿಲ್ಲಿಸಿದಳು ಎಂದು ನೀನೇ ಬರೆದಿದ್ದೀ. ಮಗಳನ್ನ ಏನು?"

ಗೊತ್ತಿರಲಿಲ್ಲ.

ಅಂದು ಸಂಜೆ ಆ ಸಣ್ಣ ಕೋಣೆಯಲ್ಲಿ ಮ್ಯಾಡಮ್ ರೋಗಿಯಾಗಿ ಕೂತರು, ಹುಡುಗಿ ಆ ವಾಕ್ಯವನ್ನು ಹೇಳಿ ಕಲಿತಳು. ಮೊದಲ ಸಲ ಕೊನೆಯ ಪದ ಗಂಟಲಿನಲ್ಲೇ ಉಳಿಯಿತು. ಎರಡನೆಯ ಸಲ ವಾಕ್ಯ ಸುತ್ತಿಬಳಸಿ ಬಂತು. ಕೊನೆಗೆ ನೇರವಾಗಿ ಬಂತು: "ಪುನ್ಹಾ ಜೀವ್ ದ್ಯಾವಾಸಾ ವಾಟತೋ ಕಾ?" ಮತ್ತೆ ಜೀವ ಕೊಡಬೇಕು ಅನ್ನಿಸುತ್ತದಾ? ಕನ್ನಡದಲ್ಲಿ ಜೀವ ಕಳಕೊಂಡ ಎನ್ನುತ್ತೇವೆ. ಮರಾಠಿಯವರು ಜೀವ ಕೊಟ್ಟ ಎನ್ನುತ್ತಾರೆ. ರಾತ್ರಿ ಹಾಸ್ಟೆಲಿನ ಕನ್ನಡಿಯ ಮುಂದೆ ಅವಳು ಎರಡೂ ಭಾಷೆಯಲ್ಲಿ ಹೇಳಿ ನೋಡಿದಳು. ಕನ್ನಡದಲ್ಲಿ ಇನ್ನೂ ಕಷ್ಟವಾಯಿತು.

*

ಬೆಳಿಗ್ಗೆ ಎಂಟಕ್ಕೇ ವಾರ್ಡಿಗೆ ಹೋದಳು. ಅತ್ತೆ ಗಂಟು ಕಟ್ಟುತ್ತಿದ್ದಳು. ಮ್ಯಾಡಮ್ ಅತ್ತೆಯನ್ನು ಔಷಧಿ ಚೀಟಿಯ ನೆಪದಲ್ಲಿ ಹೊರಗೆ ಕರೆದುಕೊಂಡು ಹೋದರು. ಹುಡುಗಿ ಕೂತಳು, ಕೈ ಹಿಡಿಯಲಿಲ್ಲ.

"ತಾಈ, ನಿನ್ನೆ ನಾನು ನಿಮ್ಮ ಮಾತು ಅರ್ಧಕ್ಕೇ ನಿಲ್ಲಿಸಿದೆ. ತಪ್ಪಾಯಿತು" ಎಂದಳು. ಆಮೇಲೆ ಕಲಿತ ವಾಕ್ಯ ಕೇಳಿದಳು. ಕೇಳಿ ಸುಮ್ಮನಾದಳು. ಈ ಸಲದ ಮೌನ ನಿನ್ನೆಯದಕ್ಕಿಂತ ಉದ್ದವಿತ್ತು.

"ಮನೆಗೆ ಹೋದರೆ ಅನ್ನಿಸಬಹುದು" ಎಂದಳು ಹೆಂಗಸು.

ಮನೆಯಲ್ಲಿ ಇನ್ನೂ ಔಷಧದ ಡಬ್ಬಿ ಇದೆ, ಮುಂಗಾರಿಗೆಂದು ತಂದಿಟ್ಟದ್ದು. ಮತ್ತು ಮಗಳು. ಉಳಿದ ಉಚಲ್ ತೀರಿಸಲು ಮಗಳ ಮದುವೆ ಮಾಡಿಬಿಡೋಣ, ಆಗ ಮನೆಗೆ ಇನ್ನೊಂದು ಕೋಯತಾ ಆಗುತ್ತದೆ, ಹೊಸ ಮುಂಗಡ ಸಿಗುತ್ತದೆ ಎಂದು ಮಾತು ನಡೆದಿತ್ತು. ಮಗಳು ಎಂಟನೇ ಕ್ಲಾಸು ಮುಗಿಸಿದ್ದಳು. ಅವತ್ತು ಬೆಳಿಗ್ಗೆ ಹೆಂಗಸು ನೋಡುತ್ತಿದ್ದದ್ದು ಅವಳ ಮುಖವನ್ನೇ. ಮಕ್ಕಳ ಮುಖ ನೋಡಿ ಎಂದು ಹುಡುಗಿ ಹೇಳಿದ್ದು ಅಂಥವಳಿಗೆ.

ಆ ದಿನ ಡಿಸ್ಚಾರ್ಜ್ ನಿಂತಿತು. ಮನೋವೈದ್ಯರು ಬಂದು ನೋಡಿದರು. ಗಂಡನನ್ನು ಕರೆಸಿದರು. ಮ್ಯಾಡಮ್ ಮಾತಾಡಿದ ರೀತಿಯನ್ನು ಹುಡುಗಿ ಆಮೇಲೆ ಮೂರು ಪುಟ ಬರೆದಳು. ಅವರು ಉಪದೇಶ ಮಾಡಲಿಲ್ಲ, ಗಂಡನನ್ನು ಅಪರಾಧಿಯಾಗಿ ನಿಲ್ಲಿಸಲೂ ಇಲ್ಲ. ಮೊದಲು ಡಬ್ಬಿಯ ಮಾತು: ಅದು ಮನೆಯಲ್ಲಿ ಇರಕೂಡದು, ಯಾರ ಮನೆಯಲ್ಲಿ ಬೀಗ ಹಾಕಿ ಇಡುತ್ತೀರಿ, ಇವತ್ತೇ ಫೋನು ಮಾಡಿ ಹೇಳಿ. ಆಮೇಲೆ ಕಾನೂನಿನ ಮಾತು: 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೇ ಕಲಮಿನ ಪ್ರಕಾರ ಹೀಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷೆ ಇಲ್ಲ, ಚಿಕಿತ್ಸೆ ಕೊಡುವುದು ಸರ್ಕಾರದ ಕರ್ತವ್ಯ. ಅದಕ್ಕೇ ಇನ್ನು 'ತಪ್ಪಿ ಕುಡಿದಳು' ಎನ್ನುವ ಅಗತ್ಯ ಇಲ್ಲ. ಮದುವೆಯ ಮಾತು ಕೊನೆಗೆ: ಹದಿನೆಂಟಕ್ಕೆ ಮುಂಚೆ ಮದುವೆ ಅಪರಾಧ, ಮಕ್ಕಳ ಸಹಾಯವಾಣಿ 1098 ಇದೆ, ಮತ್ತು ಕಬ್ಬು ಕಡಿಯಲು ಹೋಗುವವರ ಮಕ್ಕಳಿಗೆ ಊರಿನಲ್ಲೇ ಸೀಜನ್ ವಸತಿಗೃಹದ ಏರ್ಪಾಡಿದೆ, ಅದಕ್ಕೆ ಅರ್ಜಿ ಹೇಗೆ ಎಂದು. ಡಿಸ್ಚಾರ್ಜ್ ಕಾರ್ಡಿನ ಹಿಂದೆ ಹುಡುಗಿ ದಪ್ಪ ಅಕ್ಷರದಲ್ಲಿ 14416 ಎಂದು ಬರೆದಳು. ಅದು ಟೆಲಿ ಮಾನಸ್, ಹಗಲು ರಾತ್ರಿ ಮರಾಠಿಯಲ್ಲೂ ಕನ್ನಡದಲ್ಲೂ ಮಾತಾಡುತ್ತಾರೆ. ಅದರ ಕೆಳಗೆ ಆಸ್ಪತ್ರೆಯ ನಂಬರು.

ಅವಳ ಪುಟದ ನಾಲ್ಕನೇ ಕಾಲಂನಲ್ಲಿ ಮ್ಯಾಡಮ್ ಬರೆದದ್ದು ಒಂದೇ ಸಾಲು: "ಈಗ ಓದಲು ಬರುತ್ತದೆ."

ಅಪ್ಪನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಮನಸ್ಸು ಒಳ್ಳೆಯದಿದ್ದುದರಿಂದಲೇ ಅವಳು ಆ ಹೆಂಗಸಿನ ಕೈ ಹಿಡಿದದ್ದು, ಮಕ್ಕಳ ಮುಖ ನೋಡಿ ಎಂದದ್ದು. ಆ ಒಳ್ಳೆಯತನವೇ ಹೆಂಗಸಿನ ಬಾಯಿ ಮುಚ್ಚಿಸಿತ್ತು. ಬಾಯಿ ಮುಚ್ಚಿಸಿದ್ದು ತಾನೇ ಎಂದು ಅವಳಿಗೆ ಒಬ್ಬಳೇ ಕೂತರೆ ಕಾಣುತ್ತಿರಲಿಲ್ಲ. ಅದಕ್ಕೆ ಇದ್ದದ್ದು ಇದ್ದ ಹಾಗೆ ಬರೆದ ಪುಟ ಬೇಕು, ಅದನ್ನು ಕೂತು ಓದುವ ಇನ್ನೊಬ್ಬರು ಬೇಕು.

*

ಕಾಗದದ ಮೇಲೆ ಈಗ ಈ ವೃತ್ತಿಗೆ ಜಾಗ ಸಿಕ್ಕಿದೆ. ಮಾನಸಿಕ ಆರೋಗ್ಯ ಕಾಯಿದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತ ಎಂದರೆ ಯಾರು ಎಂದು ಹೇಳಿದೆ: ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಮೇಲ್ವಿಚಾರಣೆಯ ಕ್ಲಿನಿಕಲ್ ತರಬೇತಿ ಇರುವ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. 2021ರ ಅಲೈಡ್ ಹೆಲ್ತ್ ಕಾಯಿದೆಯ ಪಟ್ಟಿಯಲ್ಲಿ ಕ್ಲಿನಿಕಲ್ ಸಮಾಜಕಾರ್ಯಕರ್ತ ಎಂಬ ಹೆಸರೇ ಬಂದಿದೆ. ಇನ್ನೊಂದು ಕಡೆ, 2022ರಲ್ಲಿ ಯುಜಿಸಿ ಎಂ.ಫಿಲ್ ಪದವಿಯನ್ನೇ ನಿಲ್ಲಿಸಿತು. ಆಮೇಲೆ ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಎರಡಕ್ಕೆ ಮಾತ್ರ 2025-26ರವರೆಗೆ ಅವಕಾಶ ಉಳಿಸಿತು. ಕಾನೂನು ಕೇಳುವ ಪದವಿಯನ್ನೇ ಶಿಕ್ಷಣ ನೀತಿ ತೆಗೆದು, ಅವಧಿ ಮುಂದೂಡುತ್ತ ಬಂದಿದೆ.

ಆ ಎರಡು ವರ್ಷ ಸಿಗುವುದು ಬಹಳ ಕಡಿಮೆ ಜನಕ್ಕೆ. ಉಳಿದವರು ಎಂ.ಎಸ್.ಡಬ್ಲ್ಯು. ಮುಗಿಸಿ ನೇರವಾಗಿ ಕೆಲಸಕ್ಕೆ ಇಳಿಯುತ್ತಾರೆ. ಎಚ್.ಐ.ವಿ. ಕೇಂದ್ರ, ಕುಟುಂಬ ಸಲಹಾ ಕೇಂದ್ರ, ಡಯಾಲಿಸಿಸ್ ವಾರ್ಡು, ಶಾಲೆ, ಹೀಗೆ ಎಲ್ಲ ಕಡೆ ಅವರೇ. ಕಾನೂನು ಅವರನ್ನು ಏನೆಂದು ಕರೆದರೂ, ಮಧ್ಯಾಹ್ನ ಮೂರು ಗಂಟೆಗೆ ಎದುರಿನ ಕುರ್ಚಿಯಲ್ಲಿ ಒಬ್ಬರು "ಮಗಳನ್ನ..." ಎಂದು ನಿಲ್ಲಿಸಿದಾಗ ಅಲ್ಲಿ ಕೂತಿರುವವರು ಅವರೇ.

ಅವಳೂ ಹಾಗೇ ನಾಸಿಕ್‌ನಲ್ಲಿ ಕೌನ್ಸೆಲರ್ ಆಗಿ ಸೇರಿದಳು. ಹನ್ನೊಂದು ತಿಂಗಳ ಕರಾರು. ದಿನಕ್ಕೆ ಎಷ್ಟು ಜನರನ್ನು ನೋಡಿದಿರಿ ಎಂದು ತುಂಬುವ ಎಕ್ಸೆಲ್ ಹಾಳೆ ಇದೆ. ಹೆಸರು, ವಯಸ್ಸು, ಸಮಸ್ಯೆಯ ಕೋಡ್, 'ಸಲಹೆ ನೀಡಲಾಯಿತು' ಎಂಬ ಟಿಕ್. ಯಾವ ಮಾತಿನಲ್ಲಿ ಕೇಳಿದಿ ಎಂದು ಕೇಳುವವರು ಇಲ್ಲ. ಮ್ಯಾಡಮ್ ಆ ದೀಪಾವಳಿಗೆ ಮುಂಚೆಯೇ ನಿವೃತ್ತರಾದರು.

*

ಡಿಸೆಂಬರ್‌ನ ಒಂದು ಸಂಜೆ ಅವಳಿಗೆ ಗೊತ್ತಿಲ್ಲದ ನಂಬರಿನಿಂದ ಮಿಸ್ಡ್ ಕಾಲ್ ಬಂತು. ವಾಪಸು ಮಾಡಿದಳು. ಹಿಂದೆ ಟ್ರ್ಯಾಕ್ಟರಿನ ಸದ್ದು, ಯಾರೋ ಕನ್ನಡದಲ್ಲಿ ಜೋರಾಗಿ ಕೂಗುತ್ತಿದ್ದರು.

"ತಾಈ, ನಾನು. ಆಸ್ಪತ್ರೆಯವರು ನಿಮ್ಮ ಆಫೀಸಿನ ನಂಬರು ಕೊಟ್ಟರು. ಅಥಣಿ ಕಡೆ ಇದ್ದೀವಿ. ಇಲ್ಲಿ ಎಲ್ಲರೂ ನಿಮ್ಮ ಹಾಗೇ ಮಾತಾಡ್ತಾರೆ."

ಮಗಳು ಊರಿನ ವಸತಿಗೃಹದಲ್ಲಿದ್ದಾಳೆ, ಒಂಬತ್ತನೇ ಕ್ಲಾಸು. ಈ ವರ್ಷ ಮದುವೆಯ ಮಾತು ನಿಂತಿದೆ. ಮುಂದಿನ ವರ್ಷ ಏನೋ ಗೊತ್ತಿಲ್ಲ. ಉಚಲ್ ಇನ್ನೂ ಇದೆ. ಡಬ್ಬಿ ಮೈದುನನ ಮನೆಯ ಟ್ರಂಕಿನಲ್ಲಿದೆ. ಇಷ್ಟನ್ನು ಹೇಳಿ ಹೆಂಗಸು ಸುಮ್ಮನಾದಳು. ಟ್ರ್ಯಾಕ್ಟರು ದೂರ ಹೋಯಿತು. ಅವಳು ಕಾದಳು. ಆಮೇಲೆ ಆ ಕೋಣೆಯಲ್ಲಿ ಕಲಿತ ವಾಕ್ಯವನ್ನೇ ಕೇಳಿದಳು, ಒಂದು ಪದವನ್ನೂ ಬದಲಿಸದೆ.

"ಒಮ್ಮೊಮ್ಮೆ" ಎಂದಳು ಹೆಂಗಸು. "ಹಾಗಾದಾಗ ಅತ್ತೆಗೆ ಹೇಳ್ತೀನಿ. ಇವತ್ತು ನಿಮಗೆ ಮಾಡಿದೆ."

ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಗುರುವಾರ ಇದೇ ಹೊತ್ತಿಗೆ ತಾನೇ ಫೋನು ಮಾಡುತ್ತೇನೆ ಎಂದಳು. ಅಷ್ಟರೊಳಗೆ ಹಾಗನ್ನಿಸಿದರೆ 14416ಕ್ಕೆ ಮಾಡಬೇಕು ಎಂದು ನಂಬರನ್ನು ಅವರ ಬಾಯಿಂದಲೇ ಹೇಳಿಸಿದಳು. ಹೆಂಗಸು ಫೋನು ಅತ್ತೆಯ ಕೈಗೆ ಕೊಟ್ಟಳು. ಮುದುಕಿ ಮೊದಲು ತನ್ನ ಕನ್ನಡ ಹೇಳಿದಳು. ಈಗ ಐದು ವಾಕ್ಯ ಆಗಿದ್ದವು. ಆಮೇಲೆ ಮರಾಠಿಯಲ್ಲಿ, "ರಾತ್ರಿ ನನ್ನ ಪಕ್ಕದಲ್ಲೇ ಮಲಗ್ತಾಳೆ" ಎಂದಳು.

ರಾತ್ರಿ ಅತ್ತೆಯ ಮನೆಯಲ್ಲಿ ಊಟ ಮುಗಿದ ಮೇಲೆ ಅವಳು ಹಳೆಯ ನೋಟ್‌ಬುಕ್ ತೆಗೆದು ಸ್ಕೇಲಿಟ್ಟು ಗೆರೆ ಎಳೆದಳು. ಯಾರೂ ಕೇಳಿರಲಿಲ್ಲ, ಯಾರಿಗೂ ತೋರಿಸಬೇಕಾಗಿರಲಿಲ್ಲ. ಮೊದಲ ಕಾಲಂ ತುಂಬಿತು. ಎರಡನೆಯದರಲ್ಲಿ ತಾನು ಆಡಿದ ಪ್ರತಿ ಮಾತು, ತಡವರಿಸಿದ ಎರಡು ಕಡೆಯೂ ಸೇರಿ. ಮೂರನೆಯದರಲ್ಲಿ ಹೆದರಿಕೆ ಎಂದು ಬರೆದಳು. ಸ್ವಲ್ಪ ಹೊತ್ತು ಬಿಟ್ಟು, ಸಂತೋಷ ಎಂದೂ ಬರೆದಳು.

ನಾಲ್ಕನೆಯದು ಖಾಲಿ ಉಳಿಯಿತು. ಮಾವ ಒಳಗಿನಿಂದ ದೀಪ ಆರಿಸಲು ಕೂಗಿದರು. ಅವಳು ಪೆನ್ನು ಕೆಳಗಿಟ್ಟು ಪೆನ್ಸಿಲು ತೆಗೆದುಕೊಂಡು ಆ ಕಾಲಂನ ಮೇಲ್ತುದಿಯಲ್ಲಿ ಸಣ್ಣದಾಗಿ ಬರೆದಳು: "ಯಾವ ಮಾತಿನಲ್ಲಿ ಕೇಳಿದಿ?" ಆಮೇಲೆ ಎರಡನೇ ಕಾಲಂಗೆ ಹೋಗಿ, ಮೊದಲಿನಿಂದ ಓದತೊಡಗಿದಳು.